ಎಡದಂಡೆ ಬ್ಯಾಂಡೂ ನಾಸಿರನ ಸಂಕಟವೂ

“ಮೊದ್ಲು ಕೀಬೋರ್ಡಿನೋನು ಬುಟ್ಟೋದ. ಓಗ್ಲಿ ಅಂದ್ಕಂಡೆ. ಆಮೇಲೆ ಕೊಳಲಿನೋನು ಬುಟ್ಟೋದ. ಅದ್ನೂ ತಡ್ಕಂಡೆ. ಈಗ ಡ್ರಮ್ಮು ಬಾರಿಸ್ತಿದ್ದ ಕೆಂಪರಾಜೂನೂ ಇಲ್ಲ ಅಂದ್ರೆ ಏನು ಉಳೀತು ಹೇಳಿ? ಗಾಡೀಲಿ ಒಂದೊಂದೇ ಸಾಮಾನು ಬದ್ಲಾಯಿಸ್ಕಂಡು ಓದ್ರೆ ಕೊನೆಗೆ ನಂಬರ್ ಪ್ಲೇಟ್ ಒಂದೇ ಅಳೇದು ಉಳ್ಕತದೆ ಕಣ್ರಮ್ಮ. ಸಿನಿಮಾ ಹಾಡು ಹೇಳೋರಾದ್ರೆ ಯಾರು ಬಂದ್ರೇನು, ಯಾರು ಓದ್ರೇನು. ಇವರು ಅಂಗಲ್ಲ. ತಾವೇ ಬರೆದು, ತಾವೇ ರಾಗ ಕಟ್ಟೋರು. ಒಬ್ಬ ಎದ್ದೋದ್ರೆ ಅವನಿದ್ದ ಜಾಗ ಹಾಡಲ್ಲಿ ಖಾಲಿ ಕೇಳಿಸ್ತದೆ. ನಂಗಂತೂ ಕೇಳಿಸ್ತದೆ.”

ಮದ್ದೂರಿನಲ್ಲಿ ನಮ್ಮ ಜಗಲಿಗೆ ತಾಗಿಕೊಂಡೇ ನಾಸಿರನ ಬೈಕ್ ರಿಪೇರಿ ಅಂಗಡಿ. ಅವನು ಹೀಗೆ ಹೇಳುವಾಗ ಅವನ ಹೆಂಡತಿ ಹಬೀಬುನ್ನೀಸಾ ನನ್ನ ಪಕ್ಕದಲ್ಲೇ ಕೂತು ಅವರೆಕಾಯಿ ಸುಲಿಯುತ್ತಿದ್ದಳು. ಹದಿನೈದು ದಿನದಿಂದ ಊಟಕ್ಕೆ ಕೂತರೂ ಇದೇ ಗೋಳು ಎಂದಳು.

ಎಡದಂಡೆ ಅನ್ನುವುದು ಮಂಡ್ಯದ ಹುಡುಗರ ಬ್ಯಾಂಡು. ಅವರು ಮೊದಲ ಸಲ ಹಾಡಿದಾಗ ಕೇಳಲು ಕೂತಿದ್ದವರು ಹನ್ನೊಂದು ಜನ, ಅವರಲ್ಲಿ ನಾಸಿರ್ ಒಬ್ಬ. ಆಮೇಲೆ ಒಂದು ಕಾರ್ಯಕ್ರಮವನ್ನೂ ಅವನು ತಪ್ಪಿಸಿಲ್ಲ. ಬೆಳಕವಾಡಿಗೆ ಜ್ವರದಲ್ಲೇ ಹೋಗಿ ಕಂಬಳಿ ಹೊದ್ದು ಕೂತು ಕೇಳಿ ಬಂದ.

ಕೆಂಪರಾಜು ಅಕ್ಕಿ ಗಿರಣಿಯಲ್ಲಿ ಮೂಟೆ ಹೊರುವವನು. ಕೆಲಸ ಸಂಜೆ ಪಾಳಿಗೆ ಬಿದ್ದದ್ದರಿಂದ ಡ್ರಮ್ಮು ಬಿಟ್ಟ. ಅವನ ಜಾಗಕ್ಕೆ ಕೊತ್ತತ್ತಿಯ ಅರ್ಪಿತ ಬಂದಳು. ಕೈ ಚೆನ್ನಾಗಿದೆ, ಕಾಲಿನ ಪೆಟ್ಟು ಮಾತ್ರ ಮೆತ್ತಗೆ, ಅದೂ ತಡವಾಗಿ ಬೀಳುತ್ತದೆ ಅಂತ ಅವಳ ಅಭ್ಯಾಸ ಒಮ್ಮೆ ಕೇಳಿ ಬಂದಿದ್ದ ನಾಸಿರ್ ಕಂಡವರಿಗೆಲ್ಲ ಹೇಳುತ್ತಿದ್ದ. ಹಾಡುವ ವಂಶಿಗೂ ಅದೇ ಅನುಮಾನ. ಶನಿವಾರ ಮಳವಳ್ಳಿಯಲ್ಲಿ ಕಾರ್ಯಕ್ರಮ ಇತ್ತು. ಹುಡುಗಿಯನ್ನು ಇಟ್ಟುಕೊಳ್ಳುವುದೋ ಬೇಡವೋ, ಅದಕ್ಕೆ ಮುಂಚೆ ನಾಸಿರಣ್ಣನೇ ಅಭ್ಯಾಸಕ್ಕೆ ಇನ್ನೊಮ್ಮೆ ಬಂದು ಕೇಳಿ ಹೇಳಲಿ ಅಂತ ಫೋನ್ ಮಾಡಿದ. ನಾಸಿರನಿಗೆ ಅನ್ನ ಸೇರಲಿಲ್ಲ. ಬೇಡ ಅಂದರೆ ಹೆಣ್ಣುಮಗಳ ಆಸೆಗೆ ಕಲ್ಲು, ಇರಲಿ ಅಂದರೆ ತಾನು ಇಷ್ಟು ವರ್ಷ ಕೇಳಿದ ಬ್ಯಾಂಡು ಹೋಯಿತು.

ಗುರುವಾರ ಮಧ್ಯಾಹ್ನ ಆಟೋದಲ್ಲಿ ಹೆಂಡತಿಯನ್ನೂ ನನ್ನನ್ನೂ ಕೂರಿಸಿಕೊಂಡು ಸೋಮನಹಳ್ಳಿಗೆ ಹೊರಟ. ಹೆದ್ದಾರಿ ಪಕ್ಕದ ತಗಡಿನ ಶೆಡ್ಡಿನಲ್ಲಿ ಅವರ ಅಭ್ಯಾಸ. ಅರ್ಪಿತ ಸಣಕಲು ಹುಡುಗಿ. ಎರಡು ಹಾಡು ಮುಗಿಯುವಷ್ಟರಲ್ಲಿ ಬೆವರಿ ಹೋಗಿದ್ದಳು.

ನಾಸಿರ್ ಕಣ್ಣು ಮುಚ್ಚಿ ಕೇಳಿದ. ಇಂಜಿನ್ನು ಕೇಳುವಾಗಲೂ ಅವನು ಹಾಗೇ. ಆಮೇಲೆ ಎದ್ದು ಹೋಗಿ ಅವಳ ಕಾಲ ಬಳಿ ಕುಕ್ಕರಗಾಲಲ್ಲಿ ಕೂತ. ದೊಡ್ಡ ಡ್ರಮ್ಮಿಗೆ ಹೊಡೆಯುವ ಪೆಡಲನ್ನು ಕೈಯಲ್ಲೇ ಒತ್ತಿ ನೋಡಿದ. ಇನ್ನೊಂದು ಸಲ ಒತ್ತಿದ. ಅವನ ಮುಖ ಸಪ್ಪಗಾಯಿತು.

ಎರಡು ವರ್ಷದ ಹಿಂದೆ ಕಾರ್ಯಕ್ರಮ ಶುರುವಾಗುವ ಹೊತ್ತಿಗೆ ಸರಿಯಾಗಿ ಆ ಪೆಡಲಿನ ಸ್ಪ್ರಿಂಗು ಮುರಿದಿತ್ತಂತೆ. ಇವನೇ ಓಡಿ ಹೋಗಿ ಬೈಕಿನ ಸ್ಟ್ಯಾಂಡಿನ ಸ್ಪ್ರಿಂಗು ಬಿಚ್ಚಿ ತಂದು ಹಾಕಿದ್ದ. ಮೂಟೆ ಹೊರುವ ಕೆಂಪರಾಜುವಿನ ಕಾಲಿಗೆ ಅದರ ಬಿಗಿ ಲೆಕ್ಕಕ್ಕೇ ಬರಲಿಲ್ಲ. ಹಾಕಿದವನೂ ಮರೆತಿದ್ದ.

ಬಾಯಿ ಮುಚ್ಚಿಕೊಂಡು ಬದಲಾಯಿಸಿದ್ದರೆ ಯಾರಿಗೂ ಗೊತ್ತಾಗುತ್ತಿರಲಿಲ್ಲ. ನಾಸಿರ್ ಹಾಗೆ ಮಾಡಲಿಲ್ಲ.

“ತಪ್ಪು ನಂದು ಕಣವ್ವ,” ಎಂದ. “ಬೈಕ್ ಸ್ಟ್ಯಾಂಡಿನ ಸ್ಪ್ರಿಂಗು ಇದು. ನಿನ್ನ ಕಾಲನ್ನ ಸುಮ್ನೆ ಬಯ್ಕಂಡು ತಿರುಗ್ದೆ.”

ಅರ್ಪಿತ ಹಣೆ ಒರೆಸಿಕೊಂಡಳು. “ಅಂಗಾರೆ ಇಷ್ಟು ದಿನ ನಾನು ಬೈಕ್ ತಳ್ತಿದ್ನಾ ಅಣ್ಣ? ಮೊದ್ಲೇ ಹೇಳಿದ್ರೆ ಪೆಟ್ರೋಲಾದ್ರೂ ಆಕಿಸ್ತಿದ್ದೆ.”

ಎಲ್ಲರಿಗಿಂತ ಜೋರಾಗಿ ನಕ್ಕವಳು ಹಬೀಬುನ್ನೀಸಾ.

ನಾಸಿರನ ಚೀಲದಲ್ಲಿ ಮೊಪೆಡ್ಡಿನ ತೆಳ್ಳನೆಯ ಸ್ಪ್ರಿಂಗೊಂದಿತ್ತು. ಅದನ್ನು ಹಾಕಿಕೊಟ್ಟ. ಈ ಸಲ ಪೆಟ್ಟು ನನ್ನ ಕುರ್ಚಿಯ ಕಾಲಿಗೂ ತಿಳಿಯಿತು. ಕೆಂಪರಾಜುವಿನಂತೆ ಗುದ್ದಿದ ಹಾಗಲ್ಲ, ಯಾರೋ ಚುರುಕಾಗಿ ನಡೆದು ಬಂದ ಹಾಗೆ. ನಾಸಿರ್ ಮೂರು ಹಾಡು ಕೇಳಿದ. ವಂಶಿ ಅವನ ಮುಖವನ್ನೇ ನೋಡುತ್ತಿದ್ದ.

“ಇರ್ಲಿ,” ಎಂದ ನಾಸಿರ್. “ಕೆಂಪರಾಜು ಬೇರೆ, ಇವಳು ಬೇರೆ. ಶನಿವಾರ ನಾನು ಮುಂದ್ಗಡೇನೇ ಕೂರ್ತೀನಿ.”

ಹೊರಡುವಾಗ ವಂಶಿ ಮೆಲ್ಲಗೆ, ಬ್ಯಾಂಡಿಗೆ ಪಿಟೀಲಿನವರೊಬ್ಬರನ್ನು ಹುಡುಕುತ್ತಿದ್ದೇವೆ ಅಂದುಬಿಟ್ಟ. ದಾರಿಯುದ್ದಕ್ಕೂ ನಾಸಿರನಿಗೆ ಅದೇ ಯೋಚನೆ. ಪಿಟೀಲು ಬಂದರೆ ಗಿಟಾರಿನ ಗತಿಯೇನು ಅಂತ ನನ್ನನ್ನು ಎರಡು ಸಲ ಕೇಳಿದ. ಬೀದಿಗೆ ಬರುವಷ್ಟರಲ್ಲಿ ನಲ್ಲಿಯಲ್ಲಿ ನೀರು ಬಂದಿತ್ತು. ಹಬೀಬುನ್ನೀಸಾ ಅವನ ಕೈಗೆ ಎರಡು ಕೊಡ ಕೊಟ್ಟಳು. ಅವನು ಒಂದನ್ನು ನಲ್ಲಿಯ ಕೆಳಗಿಟ್ಟು, ಇನ್ನೊಂದನ್ನು ತೊಳೆಯುತ್ತ ಕೂತ.