ಹಂಗಾಮಿ ಪಿಳ್ಳಪ್ಪ

ಪುರಸಭೆಯ ಅಧ್ಯಕ್ಷರು ತಿರುಪತಿಗೆ ಹೋಗಲಿ, ಕಣ್ಣಿನ ಆಪರೇಷನ್ನಿಗೆ ಮಲಗಲಿ, ಜಗಳವಾಡಿ ರಾಜೀನಾಮೆ ಕೊಡಲಿ, ಅವರ ಅಧಿಕಾರ ಬಂದು ಬೀಳುವುದು ಉಪಾಧ್ಯಕ್ಷ ಪಿಳ್ಳಪ್ಪನವರ ತಲೆಯ ಮೇಲೆ. ಯಲಹಂಕದಲ್ಲಿ ‘ಹಂಗಾಮಿ ಪಿಳ್ಳಪ್ಪ’ ಎಂದರೇ ಅವರ ಗುರುತು. ಅಂಥ ದಿನಗಳಲ್ಲಿ ಅವರು ನಿಟ್ಟುಸಿರು ಬಿಟ್ಟು, ಕೋಟು ತೊಟ್ಟು ಬಂದು, ಅಧ್ಯಕ್ಷರ ಕುರ್ಚಿಯ ಪಕ್ಕಕ್ಕೆ ಒಂದು ಸ್ಟೂಲು ಎಳೆದುಕೊಂಡು ಕೂರುತ್ತಾರೆ. ನಲ್ಲಿ ಬೇಕೆಂದು ಬಂದವರಿಗೂ, ಬೀದಿಗೆ ಕರೆಂಟು ದೀಪ ಕೇಳಿದವರಿಗೂ ಒಂದೇ ಉತ್ತರ: “ಅವ್ರು ಬರ್ಲಿ ಕಣಪ್ಪ, ನಾನು ಬರೀ ಹಂಗಾಮಿ.” “ಅವ್ರಿದ್ರೆ ನಾಳೆ ಬಾ ಅಂತಾರೆ, ನೀವಿದ್ರೆ ಅವ್ರು ಬರ್ಲಿ ಅಂತೀರ. ನೀರು ಯಾವಾಗ್ ಬತ್ತದೆ ಸ್ವಾಮಿ?” ಎಂದು ನಲ್ಲಿಗಾಗಿ ಅಲೆಯುವ ಮುನಿಗಂಗಮ್ಮ ಬಿಂದಿಗೆ ಕುಕ್ಕಿದರೆ, ಅವರು ಕನ್ನಡಕ ತೆಗೆದು ಒರೆಸುತ್ತಾರೆ. ಸ್ವಂತ ಮಗಳ ಮದುವೆಗೆ ದಿನ ಗೊತ್ತು ಮಾಡೋಣವೇ ಎಂದು ಬೀಗರು ಕೇಳಿದಾಗಲೂ ಬಾಯಿತಪ್ಪಿ “ಅವ್ರು ಬರ್ಲಿ” ಎಂದರಂತೆ. ಒಂದು ಕೆಲಸಕ್ಕೆ ಮಾತ್ರ ಅವರು ಯಾರ ದಾರಿಯನ್ನೂ ಕಾಯುವುದಿಲ್ಲ. ರೈಲ್ವೆ ಸ್ಟೇಷನ್ನಿನಲ್ಲಿ ದಿಕ್ಕಿಲ್ಲದೆ ಸತ್ತವರನ್ನು ಮಣ್ಣು ಮಾಡುವುದು ಪುರಸಭೆಯ ಪಾಲಿನದು. ಅಧ್ಯಕ್ಷರು ಆಳುಗಳನ್ನು ಕಳಿಸುತ್ತಾರೆ. ಪಿಳ್ಳಪ್ಪನವರು ತಾವೇ ಹೋಗುತ್ತಾರೆ. ಕಳೆದ ವಾರ ಹೆಸರೂ ಗೊತ್ತಿಲ್ಲದ ಮುದುಕಿಯೊಬ್ಬಳನ್ನು ಗುಂಡಿಗೆ ಇಳಿಸಿದ ಮೇಲೆ, ಗುಂಡಿ ತೋಡಿದ ಚಿಕ್ಕಣ್ಣ ಸುತ್ತ ನೋಡಿ, “ಮೊದಲ ಹಿಡಿ ಮಣ್ಣು ಮಗ ಹಾಕ್ಬೇಕು. ಮಗ ಅಂತ ಯಾರು ಬತ್ತೀರಾ ಸ್ವಾಮಿ?” ಎಂದ. ಪಿಳ್ಳಪ್ಪನವರು ಕೋಟು ಬಿಚ್ಚಿ ಬೇಲಿಗೆ ಹಾಕಿದರು, ಚಪ್ಪಲಿ ಬಿಟ್ಟರು. “ನಾನೇ ಕಣಯ್ಯ, ಸರಿ ಅತ್ಲಾಗೆ” ಎಂದು ಬಗ್ಗಿ ಕೈತುಂಬ ಮಣ್ಣು ತೆಗೆದುಕೊಂಡರು.