ಕೈ ಹೇಗಿದೆ ಅಂತ ಒಂದೇ ಸಲ ಕೇಳಿದೆ

ನಮ್ಮ ಮನೆಗಳಲ್ಲಿ ಕಾಫಿ ಬೇಕಾ ಅಂತ ಮೂರು ಸಲ ಕೇಳಬೇಕು. ಮೊದಲ ಸಲ ಬೇಡ ಅನ್ನುವುದು ಮರ್ಯಾದೆ, ಎರಡನೇ ಸಲ ಸಂಕೋಚ, ಮೂರನೇ ಸಲ ಬರುವುದೇ ನಿಜವಾದ ಉತ್ತರ. ಹಾಸನದಲ್ಲಿ ಹುಟ್ಟಿ ಮೆಲ್ಬರ್ನ್‌ನ ಟ್ರುಗನಿನಾದಲ್ಲಿ ತಲೆ ನೆರೆಸಿಕೊಂಡ ನನಗೆ ಇದನ್ನು ಯಾರೂ ಹೇಳಿಕೊಡಬೇಕಾಗಿಲ್ಲ. ಆದರೆ ಹಿಮದ ಮೇಲೆ ಈ ಪದ್ಧತಿ ಕಂಡರೆ ಮೈಯೆಲ್ಲ ಉರಿಯುತ್ತಿತ್ತು.

ಪ್ರತಿ ಚಳಿಗಾಲ ನಮ್ಮ ಕನ್ನಡದವರು ನಾಲ್ಕೈದು ಮಂದಿಯನ್ನು ಕಟ್ಟಿಕೊಂಡು ಬೆಟ್ಟಕ್ಕೆ ಹೋಗುತ್ತಿದ್ದೆ. ಎಲ್ಲರೂ ರೆಸಾರ್ಟಿನಲ್ಲಿ ಲಿಫ್ಟ್ ಹತ್ತಿ ಸ್ಕೀ ಮೇಲೆ ಜಾರಿ ಗೊತ್ತಿದ್ದವರು. ಲಿಫ್ಟೂ ಇಲ್ಲದ, ದಾರಿಯೂ ಇಲ್ಲದ ಕಡೆ, ಸ್ಕೀ ತಳಕ್ಕೆ ಒರಟು ಪಟ್ಟಿ ಅಂಟಿಸಿಕೊಂಡು ಹತ್ತುವುದು, ಮೇಲೆ ಹೋಗಿ ಪಟ್ಟಿ ಕಿತ್ತು ಇಳಿಯುವುದು, ಇದನ್ನು ನಾನು ಕಲಿಸುತ್ತಿದ್ದೆ. ಸೊಂಟದುದ್ದ ಹಿಮದಲ್ಲಿ ಬಿದ್ದು ಕೈ ಊರಿದರೆ ಕೈಯೂ ಒಳಗೇ ಹೋಗುತ್ತದೆ. ಎರಡೂ ಕೋಲು ಅಡ್ಡ ಹಾಕಿ, ಅದರ ಮೇಲೆ ಭಾರ ಬಿಟ್ಟು ಏಳಿ ಅಂತ ಬಾಯಿ ಬಡಿದುಕೊಳ್ಳುತ್ತಿದ್ದೆ. ಅವರೋ, ಸುಸ್ತಾ ಅಂದರೆ ಇಲ್ಲ ಅಂಕಲ್, ಚಳಿಯಾ ಅಂದರೆ ಇಲ್ಲ ಅಂಕಲ್. ಒಂದು ಸಲ ಹೊರಡುವ ಬೆಳಗ್ಗೆಯೇ ಗದರಿದೆ.

“ಇಲ್ಲಿ ಉಪಚಾರ ಇಲ್ಲ. ಒಂದೇ ಸಲ ಕೇಳ್ತೀನಿ, ನಿಜ ಹೇಳಿ.”

ಎಲ್ಲರೂ ತಲೆಯಾಡಿಸಿದರು. ಅವರಲ್ಲಿ ಒಬ್ಬಳು ಸಿಡ್ನಿಯ ಲಿವರ್‌ಪೂಲ್‌ನಿಂದ ಬಂದಿದ್ದ ಮಂಗಳೂರಿನ ಹುಡುಗಿ, ಮಕ್ಕಳ ವಾರ್ಡಿನ ನರ್ಸ್. ಯಾರಿಗೂ ಸಿಗದ ನರ ಇವಳಿಗೆ ಸಿಗುತ್ತದಂತೆ, ಮಗುವಿಗೆ ಎರಡನೇ ಸೂಜಿ ಚುಚ್ಚುವುದೇ ಇಲ್ಲವಂತೆ. ಕಾರಿನಲ್ಲಿ ಜೊತೆಯವರು ಹೊಗಳಿದಾಗ ಅವಳು ನಾಚಿಕೊಂಡು, ನರವನ್ನು ಕಣ್ಣಲ್ಲಿ ಹುಡುಕಬಾರದು, ಮುಟ್ಟಿದರೆ ಬೆರಳಿಗೇ ಗೊತ್ತಾಗುತ್ತದೆ ಅಂದಿದ್ದಳು.

ಮಧ್ಯಾಹ್ನ ಗಾಳಿ ಎದ್ದಿತು. ಇಳಿಯುವಾಗ ಅವಳು ಏಳೆಂಟು ಸಲ ಬಿದ್ದಳು. ಒಮ್ಮೆ ಬಲಗೈ ಗ್ಲೌಸ್ ಕಳಚಿ ಒಳಗೆಲ್ಲ ಹಿಮ ತುಂಬಿತು. ಕೊಡವಿ ಹಾಗೇ ಹಾಕಿಕೊಂಡಳು. ಕೆಳಗೆ ಉಳಿದವರು ಅವಳಿಗಾಗಿ ನಡುಗುತ್ತ ನಿಂತಿದ್ದರು. ನನ್ನ ಚೀಲದಲ್ಲಿ ಒಣ ಗ್ಲೌಸ್ ಒಂದು ಜೊತೆ ಇತ್ತು.

“ಕೈ ಹೇಗಿದೆ?” ಅಂದೆ.

“ಪರವಾಗಿಲ್ಲ ಅಂಕಲ್.”

ಮುಖ ನೋಡಿದ್ದರೆ ಗೊತ್ತಾಗುತ್ತಿತ್ತು. ನೋಡಲಿಲ್ಲ. ಒಂದೇ ಸಲ ಅಂತ ನಾನೇ ಅಪ್ಪಣೆ ಕೊಡಿಸಿದ್ದೆನಲ್ಲ, ನಡಿ ಅಂದೆ.

ಎರಡು ಗಂಟೆ ಕಳೆದು ಬೆಟ್ಟದ ಗುಡಿಸಲು ತಲುಪಿ ಗ್ಲೌಸ್ ತೆಗೆದರೆ ಬೆರಳುಗಳು ಮೇಣದ ಬತ್ತಿ ಹಾಗೆ ಬಿಳಿ, ಗಟ್ಟಿ. ನೋವೇ ಇಲ್ಲ ಅಂದಳು. ನೋವಿಲ್ಲ ಅಂದರೆ ಬೆರಳು ಒಳಗೇ ಹೆಪ್ಪುಗಟ್ಟಿದೆ ಅಂತ ಅರ್ಥ, ಆಗಲೇ ಆಸ್ಪತ್ರೆಗೆ ಹೊರಡಿಸಿದೆ. ಕೆಲವು ವಾರ ಕಾದು ನೋಡಿ, ಡಾಕ್ಟರು ತೋರುಬೆರಳು, ನಡುಬೆರಳು ಎರಡರ ತುದಿಯನ್ನೂ ತೆಗೆದರು.

ಯಾರೂ ನನ್ನನ್ನು ಬೈಯಲಿಲ್ಲ. ಬೈದಿದ್ದರೆ ಜಗಳವಾದರೂ ಆಡಬಹುದಿತ್ತು. ಬಂದವರಿಗೆಲ್ಲ ಕಾಫಿಗೆ ಮೂರು ಸಲ ಬಲವಂತ ಮಾಡುವವನು, ಒಂದು ಕೈಗೆ ಒಂದು ಸಲ ಕೇಳಿ ಸುಮ್ಮನಾದೆ, ಥೂ. ಆಮೇಲೆ ಯಾರನ್ನೂ ಬೆಟ್ಟಕ್ಕೆ ಕರೆದೊಯ್ದಿಲ್ಲ. ಸ್ಕೀ ಇಟ್ಟ ಗರಾಜಿನ ಮೂಲೆಗೂ ಹೋಗುವುದಿಲ್ಲ.

ಮುಂದಿನ ವರ್ಷ ಆಫೀಸಿನ ಕೆಲಸಕ್ಕೆ ಸಿಡ್ನಿಯ ಮ್ಯಾಕ್ವೆರಿ ಪಾರ್ಕ್‌ಗೆ ಹೋದವನು ಧೈರ್ಯ ಮಾಡಿ ಅವಳ ಮನೆಗೆ ಹೋದೆ. ಕಾಫಿ ಮಾಡ್ಲಾ ಅಂದಳು, ಬೇಡಮ್ಮ ಅಂದೆ. ಮತ್ತೆ ಕೇಳಿದಳು, ಮತ್ತೆ ಬೇಡ ಅಂದೆ. ಮೂರನೇ ಸಲಕ್ಕೆ ಹೂಂ ಅಂದೆ. ಲೋಟವನ್ನು ಎರಡೂ ಅಂಗೈ ನಡುವೆ ಹಿಡಿದು ತಂದಳು.

ಕೈ ಹೇಗಿದೆ ಅಂದೆ. ಪರವಾಗಿಲ್ಲ ಅಂಕಲ್ ಅಂದಳು. ಇನ್ನೊಂದು ಸಲ ಕೇಳಿದೆ. ಪರವಾಗಿಲ್ಲ, ಈಗ ಕಂಪ್ಯೂಟರ್ ಮುಂದೆ ಕೂರುವ ಕೆಲಸ ಕೊಟ್ಟಿದ್ದಾರೆ ಅಂದಳು, ಕಿಟಕಿ ಕಡೆ ನೋಡುತ್ತ. ಲೋಟ ಕೆಳಗಿಟ್ಟು ಮೂರನೇ ಸಲ ಕೇಳಿದೆ.

“ನರ ಸಿಗುದಿಲ್ಲ ಅಂಕಲ್,” ಅಂದಳು. “ಮುಟ್ಟಿದ್ರೆ ಏನೂ ಗೊತ್ತಾಗುದಿಲ್ಲ.”