ಸಿದ್ದಲಿಂಗಪ್ಪನವರು ತಂದ ಹಿಮಬಂಡೆ

ಪುಣೆಯ ಧನಕವಡಿ ಬಡಾವಣೆಯ ನಮ್ಮ ಸೊಸೈಟಿಯ ಸಿದ್ದಲಿಂಗಪ್ಪನವರಿಗೆ ಒಂದೇ ಒಂದು ದುಶ್ಚಟವಿತ್ತು. ಲಿಫ್ಟಿನಲ್ಲಿ ಸಿಕ್ಕವರಿಗೆಲ್ಲ ದಕ್ಷಿಣ ಧ್ರುವದ ಸಮಾಚಾರ ಹೇಳುತ್ತಿದ್ದರು. ನಾನು ಇಳಿಯುವುದು ನಾಲ್ಕನೇ ಮಹಡಿಯಲ್ಲಿ. ಅಷ್ಟರೊಳಗೆ ಹದಿನೆಂಟು ಸಾವಿರ ವರ್ಷ ಹಿಂದಕ್ಕೆ ಒಯ್ದು ಬಿಟ್ಟಿರುತ್ತಿದ್ದರು.

ಜಮಖಂಡಿಯ ಈ ಮನುಷ್ಯ ಧ್ರುವದ ಮಾತಿರಲಿ, ಮಹಾಬಳೇಶ್ವರದ ಚಳಿಯನ್ನೂ ಎರಡು ಸ್ವೆಟರಿಲ್ಲದೆ ಕಂಡವರಲ್ಲ. ಮೂವತ್ತೊಂದು ವರ್ಷದಿಂದ ಪುಣೆಯ ಒಂದು ಪ್ರಯೋಗಾಲಯದಲ್ಲಿ ಸಹಾಯಕರು. ಹಡಗಿನವರು ದಕ್ಷಿಣ ಸಾಗರದ ತಳಕ್ಕೆ ಕೊಳವೆ ಚುಚ್ಚಿ ತೆಗೆದ ಕೆಸರು ಅಲ್ಲಿಗೆ ಬರುತ್ತದೆ. ಮೇಲಿನ ಪದರ ಈಚಿನದು, ಕೆಳಗಿನದು ಹಳೆಯದು. ಎರಡೆರಡು ಸೆಂಟಿಮೀಟರಿಗೆ ಕತ್ತರಿಸಿ, ಜರಡಿಯಲ್ಲಿ ತೊಳೆದು, ತಟ್ಟೆಯಲ್ಲಿ ಒಲೆಗಿಟ್ಟು ಒಣಗಿಸಿ, ಉಳಿದ ಕಣಗಳನ್ನು ಸೂಕ್ಷ್ಮದರ್ಶಕದಡಿ ಎಣಿಸಬೇಕು. ನಡುಸಮುದ್ರಕ್ಕೆ ಮರಳು ತಾನಾಗಿ ನಡೆದು ಹೋಗುವುದಿಲ್ಲ. ಧ್ರುವದ ನೆಲ ಕೆರೆದುಕೊಂಡು ಹೊರಟ ಹಿಮಬಂಡೆ ತೇಲಿ ಬಂದು ಕರಗಿದಾಗ, ಅದರ ಹೊಟ್ಟೆಯಲ್ಲಿದ್ದ ಕಲ್ಲುಚೂರು ತಳಕ್ಕೆ ಉದುರುತ್ತದೆ. ಯಾವ ಪದರದಲ್ಲಿ ಮೊನಚು ಮರಳು ಹೆಚ್ಚೋ, ಆ ಕಾಲದಲ್ಲಿ ಅಲ್ಲಿ ಹಿಮಬಂಡೆಗಳ ಸಂತೆಯೇ ನೆರೆದಿತ್ತು ಎಂದರ್ಥ.

"ಹಿಮಾ ಎಲ್ಲಿತನಕಾ ಬಂದಿತ್ತು ಅಂತ ಹೇಳಾಕ ನನ್ನ ಜರಡೀನ ಬೇಕ್ರಿ," ಎನ್ನುತ್ತಿದ್ದರು. "ಸಾಹೇಬ್ರು ಬರ್ತಾರ, ಹೋಗ್ತಾರ. ಜರಡಿ ಇಲ್ಲೇ ಇರತದ."

ಪ್ರಯೋಗಾಲಯದ ಗೋಡೆಯ ಮೇಲೆ ಅವರೇ ಮರಾಠಿಯಲ್ಲಿ ಬರೆದು ಹಾಕಿದ ಬೋರ್ಡಿತ್ತು: ತಟ್ಟೆ ತೆರೆದಿಟ್ಟವರು ವಿಜ್ಞಾನದ ವೈರಿಗಳು. ಮುಚ್ಚಳ ಮರೆತ ವಿದ್ಯಾರ್ಥಿಗಳನ್ನು ಅದರ ಮುಂದೆ ನಿಲ್ಲಿಸಿ ಗಟ್ಟಿಯಾಗಿ ಓದಿಸುತ್ತಿದ್ದರು. ಅತಿ ಹೆಚ್ಚು ಸಲ ಓದಿದವಳು ಪಿಎಚ್‌ಡಿ ಮಾಡುತ್ತಿದ್ದ ತುಮಕೂರಿನ ತನುಶ್ರೀ.

ಕಳೆದ ಖಂಡೇನವಮಿಯ ದಿನ ಸಿದ್ದಲಿಂಗಪ್ಪನವರು ಪ್ರತಿ ವರ್ಷದಂತೆ ಜರಡಿ, ಒಲೆ, ಸೂಕ್ಷ್ಮದರ್ಶಕಗಳಿಗೆ ಪೂಜೆಗಿಳಿದರು. ತನುಶ್ರೀಯ ಮೂರು ತಟ್ಟೆಗಳು ಒಲೆಯಿಂದ ಆಗಷ್ಟೇ ಹೊರಬಂದು ಮೇಜಿನ ಮೇಲೆ ಆರುತ್ತಿದ್ದವು. ಬಿಸಿಗೆ ಮುಚ್ಚಳ ಹಾಕಿದರೆ ಬೆವರುತ್ತದೆ, ಹಾಗಾಗಿ ತೆರೆದೇ ಇದ್ದವು. ಪಕ್ಕದಲ್ಲೇ ಸೂಕ್ಷ್ಮದರ್ಶಕದ ಸುತ್ತ ರಂಗೋಲಿಯ ಕಮಲ ಬಿಡಿಸಿದರು. ದಳಗಳಿಗೆ ಗುಲಾಬಿ ಬಣ್ಣ ತುಂಬಿದರು. ಊದಿನಕಡ್ಡಿಯ ಹೊಗೆ ಕಣ್ಣಿಗೆ ಬಂತು. ಫ್ಯಾನ್ ಹಾಕಿದರು.

ಕಮಲ ಮೇಜಿನ ತುಂಬ ಅರಳಿತು.

ಅವಸರದಲ್ಲಿ ಬಟ್ಟೆಯಿಂದ ಒರೆಸಿ, ತಟ್ಟೆಗಳನ್ನು ಬಗ್ಗಿ ನೋಡಿ, ಏನೂ ಬಿದ್ದಿಲ್ಲವೆಂದು ತಮಗೆ ತಾವೇ ಸರ್ಟಿಫಿಕೇಟ್ ಕೊಟ್ಟು, ಮುಚ್ಚಳ ಹಾಕಿದರು. ಮುಚ್ಚಿದ ಮೇಲೆ ಅದು ಮುಚ್ಚಿದ ತಟ್ಟೆಯೇ. ಎಷ್ಟು ಹೊತ್ತಿಗೆ ಮುಚ್ಚಬೇಕೆಂದು ಬೋರ್ಡಿನಲ್ಲಿ ಬರೆದಿರಲಿಲ್ಲವಲ್ಲ!

ಡಿಸೆಂಬರಿನ ಒಂದು ಸೋಮವಾರ ತನುಶ್ರೀ ಕುಣಿಯುತ್ತಾ ಬಂದಳು. "ಅಂಕಲ್, ನೋಡಿ ಇಲ್ಲಿ! ಮೂರು ಲೆವೆಲ್‌ನಲ್ಲೂ ಮರಳು ಹತ್ತು ಪಟ್ಟು! ಪಿಂಕ್ ಗ್ರೇನ್ಸ್ ಬೇರೆ ಇದೆ, ಗಾರ್ನೆಟ್ ಹರಳು ಅನ್ಸುತ್ತೆ. ಅಂಟಾರ್ಕ್ಟಿಕದಿಂದಾನೇ ಬಂದಿರೋದು! ಶುಕ್ರವಾರ ಸೆಮಿನಾರಲ್ಲಿ ಇದೇ ಹೈಲೈಟ್. ನಿಮ್ಮ ಕೈಲಿ ತೊಳೆದಿದ್ದು ಅಂದ್ರೆ ಯಾರೂ ಡೌಟ್ ಪಡಲ್ಲ."

ಸಿದ್ದಲಿಂಗಪ್ಪನವರು ಸೂಕ್ಷ್ಮದರ್ಶಕಕ್ಕೆ ಕಣ್ಣಿಟ್ಟು ನೋಡಿದರು. ಅಂಟಾರ್ಕ್ಟಿಕ ಅವರಿಗೆ ಗುರುತು ಸಿಕ್ಕಿತು. ತಾವೇ ತುಳಶಿಬಾಗದ ಪೇಟೆಯಿಂದ ತಂದ ರಂಗೋಲಿ ಪೊಟ್ಟಣ.

ಆ ಸಂಜೆ ಲಿಫ್ಟಿನಲ್ಲಿ ನಾನೇ ಕೇಳಿದೆ, "ಧ್ರುವದಾಗ ಏನ್ರಿ ಸಮಾಚಾರ?"

"ಥಂಡಿ ಅದರಿ," ಎಂದವರೇ ಎರಡನೇ ಮಹಡಿಯಲ್ಲಿ ಇಳಿದುಬಿಟ್ಟರು. ಅವರ ಮನೆ ಐದನೆಯದರಲ್ಲಿದೆ.

ಬುಧವಾರ ಊಟಕ್ಕೆ ಕೂತಾಗ ಹೆಂಡತಿ ಚನ್ನಬಸವ್ವನ ಮುಂದೆ ಎಲ್ಲ ಹೇಳಿ, ಕೊನೆಗೆ ವಾದವನ್ನೂ ಮುಂದಿಟ್ಟರಂತೆ. "ಅಲ್ಲ, ಹದಿನೆಂಟು ಸಾವಿರ ವರ್ಷದ ಹಿಂದ ಹಿಮಾ ಬಂದಿತ್ತೋ ಬಿಟ್ಟಿತ್ತೋ, ಯಾರು ಕೇಳಾಕ ಬರ್ತಾರ?"

"ಮುಂದಿನ ಹಿಮದ ಲೆಕ್ಕಾನೂ ಅದರ ಮ್ಯಾಲ ನಿಂತದ ಅಂತ ನೀವಽ ಹೇಳ್ತಿದ್ರಿ."

"ಅದು ಲಿಫ್ಟಿನಾಗಿನ ಮಾತು."

ಚನ್ನಬಸವ್ವ ರೊಟ್ಟಿ ಬಡಿಸುತ್ತ ಹೇಳಿದರು, "ಹುಡುಗಿ ನಾಲ್ಕು ಮಂದಿ ಮುಂದ ನಿಂತು ಸುಳ್ಳ ಹೇಳ್ತಾಳ. ತನಗ ಗೊತ್ತಿಲ್ದ. ನಿಮಗ ಗೊತ್ತಿದ್ದು." ಆ ರೊಟ್ಟಿ ತಟ್ಟೆಯಲ್ಲೇ ಉಳಿಯಿತು.

ಗುರುವಾರ ಬೆಳಗ್ಗೆ ಡಬ್ಬಿಯ ಚೀಲದಲ್ಲಿ ಪೊಟ್ಟಣವಿಟ್ಟುಕೊಂಡು ಹೋದರು. ಎರಡು ಚಿಟಿಕೆ ಗಾಜಿನ ಮೇಲೆ ಹಾಕಿ ಸೂಕ್ಷ್ಮದರ್ಶಕಕ್ಕಿಟ್ಟರು. "ತನುಶ್ರೀಬಾಯಿ, ಇದೊಂದಿಷ್ಟು ನೋಡ್ರಿ."

ಅವಳು ನೋಡಿದಳು. "ವಾವ್, ಅದೇ ಗ್ರೇನ್ಸ್! ಪಿಂಕ್ ಕೂಡ! ಯಾವ ಡೆಪ್ತ್ ಅಂಕಲ್ ಇದು?"

"ತುಳಶಿಬಾಗ."

ಅವಳಿಗೆ ಅರ್ಥವಾಗಲಿಲ್ಲ. ಸಿದ್ದಲಿಂಗಪ್ಪನವರು ಅವಳ ತಟ್ಟೆಯಿಂದ ಒಂದು ಗಾರ್ನೆಟ್ಟನ್ನು ಕುಂಚದ ತುದಿಯಲ್ಲಿ ಎತ್ತಿ, ಬಿಳಿ ಕಾಗದದ ಮೇಲಿಟ್ಟು, ಒಂದು ಹನಿ ಸ್ಪಿರಿಟ್ ಬಿಟ್ಟರು. ಗುಲಾಬಿ ಬಣ್ಣ ಕಾಗದಕ್ಕಿಳಿಯಿತು, ಕಲ್ಲು ಬೆಳ್ಳಗಾಯಿತು. ಪೂಜೆ, ಕಮಲ, ಫ್ಯಾನು, ಎಲ್ಲವನ್ನೂ ಹೇಳಿದರು. ಆಮೇಲೆ ಯಾರೂ ಹೇಳದೆಯೇ ಗೋಡೆಯ ಬೋರ್ಡಿನ ಮುಂದೆ ಹೋಗಿ ನಿಂತು ಗಟ್ಟಿಯಾಗಿ ಓದತೊಡಗಿದರು.

"ಬೇಡ ಅಂಕಲ್, ಕೂತ್ಕೊಳ್ಳಿ," ಎಂದಳು ತನುಶ್ರೀ. ಬಣ್ಣ ಇಳಿದ ಆ ಕಾಗದವನ್ನು ಕೈಗೆತ್ತಿಕೊಂಡಳು. "ಅಮ್ಮಂಗೆ ಫೋನ್ ಮಾಡಿ ಹೇಳ್ಬಿಟ್ಟಿದ್ದೆ."

ಬೈದಿದ್ದರೆ ಅವರು ಬದುಕಿಕೊಳ್ಳುತ್ತಿದ್ದರು.

ಕೊಳವೆಯ ಕೆಸರನ್ನು ಉದ್ದಕ್ಕೆ ಸೀಳಿ ಒಂದು ಹೋಳನ್ನು ಮುಟ್ಟದೆ ಶೀತಕೋಣೆಯಲ್ಲಿ ಇಟ್ಟಿರುತ್ತಾರೆ. ಅದರಿಂದ ಅದೇ ಮೂರು ಪದರ ಮತ್ತೆ ಕತ್ತರಿಸಿದರು. ಸೆಮಿನಾರು ಎರಡು ವಾರ ಮುಂದೆ ಹೋಯಿತು. ಕಾರಣ ಕೇಳಿದ ಗೈಡಿಗೆ ತನುಶ್ರೀ, "ಸ್ಯಾಂಪಲ್ ರಿಪೀಟ್ ಮಾಡ್ಬೇಕು ಸರ್," ಎಂದಷ್ಟೇ ಹೇಳಿದಳು. ಸಿದ್ದಲಿಂಗಪ್ಪನವರು ಜರಡಿ ಹಿಡಿದು ಅಲ್ಲೇ ನಿಂತಿದ್ದರು. ಅವಳು ಅವರ ಕಡೆ ತಿರುಗಿಯೂ ನೋಡಲಿಲ್ಲ.

ಹೊಸ ತಟ್ಟೆಗಳಲ್ಲಿ ಸಿಕ್ಕಿದ್ದು ಕ್ರಮವಾಗಿ ನಾಲ್ಕು, ಆರು, ಐದು ಕಣ. ಹಿಮಬಂಡೆಗಳ ಸಂತೆ ಎತ್ತಂಗಡಿಯಾಗಿತ್ತು. ಸೆಮಿನಾರಿನಲ್ಲಿ ಅವಳ ಗ್ರಾಫಿನ ಗೆರೆ ಸಪಾಟಾಗಿ ಹೋಯಿತು. ಸಮಿತಿಯ ಹಿರಿಯರೊಬ್ಬರು ಕೈಗಡಿಯಾರ ನೋಡಿ, ಕೆಲಸ ಅಚ್ಚುಕಟ್ಟಾಗಿದೆ, ಆದರೆ ವಿಶೇಷವೇನಿಲ್ಲ ಎಂದರು. ಹಿಂದಿನ ಸಾಲಿನಲ್ಲಿದ್ದ ಸಿದ್ದಲಿಂಗಪ್ಪನವರು ತಮ್ಮ ಬೂಟು ನೋಡಿಕೊಂಡರು.

ಕೆಟ್ಟ ಕಣಗಳನ್ನು ತನುಶ್ರೀ ಎಸೆಯಲಿಲ್ಲ. ಮುಂದೆ ಬರುವವರು ಮೋಸಹೋಗದಿರಲೆಂದು ಸೀಸೆಗೆ ಹಾಕಿ, ಮಾದರಿ ತಂದವರ ಹೆಸರು ಹೊತ್ತ ಸೀಸೆಗಳ ಕಪಾಟಿನಲ್ಲಿಟ್ಟಳು. ಚೀಟಿಯಲ್ಲಿ 'ರಂಗೋಲಿ, ತುಳಶಿಬಾಗ' ಎಂದು ಬರೆದು, ತಂದವರ ಹೆಸರಿನ ಜಾಗ ಖಾಲಿ ಬಿಟ್ಟಿದ್ದಳು. ಆ ಕಪಾಟಿನ ಸೀಸೆಯೊಂದರ ಮೇಲೆ ತಮ್ಮ ಹೆಸರು ಬರಬೇಕೆಂದು ಮೂವತ್ತೊಂದು ವರ್ಷ ಆಸೆಪಟ್ಟವರು ಸಿದ್ದಲಿಂಗಪ್ಪನವರು. ಪೆನ್ನು ತೆಗೆದು ತಾವೇ ಪೂರ್ತಿ ಹೆಸರು ತುಂಬಿದರು.

ಈಗ ಲಿಫ್ಟಿನಲ್ಲಿ ಹೇಳುವುದು ಇದೊಂದೇ ಕಥೆ. ಕಮಲ, ಫ್ಯಾನು, ಗಾರ್ನೆಟ್ಟು, ನಗಿಸುತ್ತಲೇ ಹೇಳುತ್ತಾರೆ. ಹುಡುಗಿ ತಾಯಿಗೆ ಫೋನ್ ಮಾಡಿದ್ದಳೆನ್ನುವಲ್ಲಿಗೆ ನನ್ನ ಮಹಡಿ ಬರುತ್ತದೆ. ನಾನು ಬಾಗಿಲು ಹಿಡಿದು ನಿಲ್ಲುತ್ತೇನೆ.

"ನೀವು ನಡೀರಿ," ಎನ್ನುತ್ತಾರೆ. "ಮುಂದ ಏನಿಲ್ಲ."